ಮೂರು ಗಂಟೆ ವಾದಿಸಿ ಗೆದ್ದವಳು ನಾನಲ್ಲ

ನನ್ನ ಬೀಳ್ಕೊಡುಗೆಯ ದಿನ ದುಬೈನ ಕರಾಮದ ಹೋಟೆಲಿನ ಮೇಲಂತಸ್ತಿನ ಹಾಲ್‌ನಲ್ಲಿ ಮೈಕ್ ಹಿಡಿದವರೆಲ್ಲ ಒಂದೇ ಕಥೆ ಹೇಳಿದರು. ಇಲ್ಲಿನ ನಮ್ಮ ಊರಿನವರ ಸಂಘದ ಅಧ್ಯಕ್ಷ ಶೇಖರಣ್ಣ ಸದಸ್ಯ ವಿಲ್ಸನ್ ಮೇಲೆ ಪೊಲೀಸ್ ದೂರು ಕೊಟ್ಟದ್ದು, ವಿಲ್ಸನ್‌ನ ಕೆಲಸ, ವೀಸಾ, ಸಂಸಾರ ಮೂರೂ ಹೋಗುವ ಹಂತಕ್ಕೆ ಬಂದದ್ದು, ಆಗ ನಮ್ಮ ಅಕ್ಷತಾ, ಅಂದರೆ ನಾನು, ಶೇಖರಣ್ಣನ ಮನೆಗೇ ನುಗ್ಗಿ ಮೂರು ಗಂಟೆ ವಾದ ಮಾಡಿ, ಒಂದು ಕಾಲದ ಸರ್ಕಾರಿ ವಕೀಲರನ್ನೇ ಬಾಯಿ ಮುಚ್ಚಿಸಿ, ದೂರು ಹಿಂತೆಗೆಸಿದ್ದು. ಚಪ್ಪಾಳೆ. ಶಾಲು. ಹಣ್ಣಿನ ಬುಟ್ಟಿ. ಮುಂದಿನ ಸಾಲಿನಲ್ಲಿ ಕೂತಿದ್ದ ಶೇಖರಣ್ಣನೂ ಚಪ್ಪಾಳೆ ತಟ್ಟಿದರು.

ಕಥೆ ಚೆನ್ನಾಗಿದೆ. ತೊಂದರೆ ಏನೆಂದರೆ ಅದರಲ್ಲಿ ನನ್ನ ಪಾಲಿಗೆ ಬಂದದ್ದರಲ್ಲಿ ಮೂರು ಗಂಟೆ ಎಂಬುದೊಂದೇ ನಿಜ.

ಸಂಘದ ಸ್ಮರಣ ಸಂಚಿಕೆಗೆ, ಕಾನೂನು ಓದಿ ಈ ಊರಿಗೆ ಬರುವ ಹುಡುಗ ಹುಡುಗಿಯರಿಗಾಗಿ ಏನಾದರೂ ಬರೆಯಿರಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಆ ಕಥೆಯನ್ನು ಸರಿಪಡಿಸದೆ ಬರೆದರೆ ನಿಮಗೆ ಸುಳ್ಳು ಹೇಳಿ ಕೆಲಸಕ್ಕೆ ಸೇರಿಸಿದಂತಾಗುತ್ತದೆ. ವಾದ ಬಲ್ಲವರಿಗೆ ಇಲ್ಲಿ ದೊಡ್ಡ ಭವಿಷ್ಯವಿದೆ ಎಂದು ನೀವು ನಂಬಿಬಿಟ್ಟೀರಿ.

ಮೂವತ್ತಾರಕ್ಕೆ ನಿವೃತ್ತಿಯೇ ಎಂದು ನಗುವವರಿದ್ದಾರೆ. ನಿವೃತ್ತಿಯನ್ನು ನಿರ್ಧರಿಸುವುದು ವಯಸ್ಸೋ, ಕೆಲಸವೋ? ನಾನು ಬರೆದುಕೊಡುತ್ತಿದ್ದ ಕರಡುಗಳನ್ನು ಈಗ ಒಂದು ಸಾಫ್ಟ್‌ವೇರ್ ಬರೆಯುತ್ತದೆ, ಇನ್ನೊಂದು ಅದನ್ನು ಅರಬ್ಬಿಗೆ ತಿರುಗಿಸುತ್ತದೆ. ಕೊನೆಯ ವರ್ಷ ನನ್ನ ಕೆಲಸ ಮೊದಲನೆಯದು ಸರಿ ಬರೆದಿದೆಯೇ ಎಂದು ನೋಡುವುದಷ್ಟೇ. ನಮ್ಮ ಕಚೇರಿಯ ಭಾರತೀಯ ವಿಭಾಗವನ್ನು ಮುಚ್ಚಿದಾಗ ಬೇರೆ ಕಡೆ ಕರೆ ಬಂದಿತ್ತು. ಹೋಗಲಿಲ್ಲ. ಆ ಕೆಲಸ ಮುಗಿಯಿತು, ನಾನು ಇದ್ದೇನೆ.

ಸರಿ, ಮೊದಲಿನಿಂದ.

ಮಂಗಳೂರಿನ ಕಾನೂನು ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಚೀಟಿ ಎತ್ತಿದ ಮರುಕ್ಷಣ ನಾಲಿಗೆ ಸಿದ್ಧ. ಉಡುಪಿಯ ಮನೆಯಲ್ಲಿ ಕಪ್‌ಗಳನ್ನು ಇಡಲು ಅಮ್ಮ ಪಾತ್ರೆಯ ಕಪಾಟು ಖಾಲಿ ಮಾಡಿಕೊಟ್ಟಿದ್ದರು. ದುಬೈನ ಕಾನೂನು ಕಚೇರಿಯೊಂದಕ್ಕೆ ಸಂದರ್ಶನಕ್ಕೆ ಬಂದಾಗ ಆ ಪಟ್ಟಿಯನ್ನೆಲ್ಲ ಒಪ್ಪಿಸಿದೆ. ಎದುರಿಗೆ ಕೂತಿದ್ದವರು ಶೇಖರಣ್ಣ. ಆಫೀಸಿನಲ್ಲಿ ಅವರು ಸರ್, ಸಂಘದಲ್ಲಿ ಶೇಖರಣ್ಣ. ಈ ಎರಡು ಸಂಬೋಧನೆಗಳ ನಡುವಿನ ಗೋಡೆಯನ್ನು ಅವರು ಕೊನೆಯವರೆಗೂ ಬಿಗಿಯಾಗಿ ಕಾಪಾಡಿದರು.

ಪಟ್ಟಿ ಕೇಳಿ ಅವರು ಹೇಳಿದ್ದು, "ಒಳ್ಳೇದಾಯ್ತು. ಎಲ್ಲ ಅಲ್ಲೇ ಮಾತಾಡಿ ಮುಗ್ಸಿ ಬಂದಿದ್ದಿ. ಇಲ್ಲಿ ಬಾಯಿಗೆ ಬೀಗ ಹಾಕಿ ಸಂಬಳ ತೆಗೊಳ್ಳುವ ಕೆಲ್ಸ."

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಇಲ್ಲಿನ ನ್ಯಾಯಾಲಯದ ಭಾಷೆ ಅರಬ್ಬಿ. ವಾದ ಹೆಚ್ಚಿನಂಶ ಲಿಖಿತ. ಸಹಿ ಹಾಕಿ ಸಲ್ಲಿಸಲು, ನ್ಯಾಯಾಧೀಶರ ಮುಂದೆ ನಿಲ್ಲಲು ಪರವಾನಗಿ ಇರುವ ವಕೀಲರೇ ಬೇಕು. ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನಾನು ಕಕ್ಷಿದಾರನ ಮಾತನ್ನು ತುಳುವಿನಲ್ಲೋ ಕನ್ನಡದಲ್ಲೋ ಹಿಂದಿಯಲ್ಲೋ ಕೇಳುತ್ತೇನೆ, ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಭಾಷಾಂತರಕಾರ ಅದನ್ನು ಅರಬ್ಬಿ ಮಾಡುತ್ತಾನೆ, ಉಸ್ತಾದ್ ಸಲ್ಲಿಸುತ್ತಾರೆ. ಹತ್ತು ಹನ್ನೊಂದು ವರ್ಷದಲ್ಲಿ ನ್ಯಾಯಾಲಯದ ಕಟ್ಟಡದೊಳಗೆ ನಾನು ಬಾಯಿ ತೆರೆದದ್ದು ಸೆಕ್ಯುರಿಟಿಯವನಿಗೆ ಸಲಾಂ ಹೇಳಲು.

ತೀರ್ಪಿನ ದಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ನ್ಯಾಯಾಧೀಶರು ಓದುತ್ತಾರೆ. ಕಕ್ಷಿದಾರನಿಗೆ ಅರ್ಥವಾಗುವುದಿಲ್ಲ, ಅವನು ತಿರುಗಿ ನನ್ನ ಮುಖ ನೋಡುತ್ತಾನೆ. ನನಗೂ ಅರ್ಥವಾಗುವುದಿಲ್ಲ, ನಾನು ಉಸ್ತಾದರ ಮುಖ ನೋಡುತ್ತೇನೆ. ಉಸ್ತಾದರು ಗೆದ್ದಾಗಲೂ ಸೋತಾಗಲೂ ಒಂದೇ ಮುಖದವರು. ಹಾಗೆ ನಾವಿಬ್ಬರೂ ಇನ್ನೊಬ್ಬರ ಮುಖ ಓದುತ್ತ, ಬಾಗಿಲು ದಾಟುವವರೆಗೆ ಬದುಕು ಯಾವ ಕಡೆ ತಿರುಗಿತೆಂದು ತಿಳಿಯದೆ ನಡೆಯುತ್ತಿದ್ದೆವು. ಆಮೇಲೆ ವಿಚಾರಣೆಗಳು ಪರದೆಗೆ ಬಂದವು. ಆಗ ಆ ಬೆಂಚೂ ಹೋಯಿತು. ಮನೆಯ ಮೇಜಿನ ಮುಂದೆ ಮೈಕ್ ಆಫ್ ಮಾಡಿ, ಕ್ಯಾಮೆರಾ ಆಫ್ ಮಾಡಿ, ಕಪ್ಪು ಚೌಕದಲ್ಲಿ ನನ್ನ ಹೆಸರಿನ ಮೊದಲಕ್ಷರವೊಂದೇ ಕಾಣುವ ಹಾಗೆ ಕೂರುತ್ತಿದ್ದೆ. ವಿಧಾನ ಸುಧಾರಿಸಿತು ಎನ್ನುತ್ತಾರೆ. ವೇಗವಾಯಿತು, ಅದನ್ನು ಒಪ್ಪುತ್ತೇನೆ.

ಮೊದಲ ವರ್ಷದ ಎಡವಟ್ಟೊಂದನ್ನು ಹೇಳಬೇಕು. ನಮ್ಮಂಥ ಸ್ಪರ್ಧೆಯ ಮಕ್ಕಳು ಮಾತ್ರ ಮಾಡುವ ಎಡವಟ್ಟದು. ನಮ್ಮ ಕಕ್ಷಿದಾರರಾದ ಅಲ್ ನಹ್ದಾ ಬಡಾವಣೆಯ ಒಂದು ಕುಟುಂಬದಿಂದ ಮನೆ ಖಾಲಿ ಮಾಡಿಸಲು ಮಾಲೀಕ ನೋಟಿಸ್ ಕಳಿಸಿದ್ದ. ಚರ್ಚೆಯಲ್ಲಿ ಎದುರಾಳಿ ಏನು ಹೇಳಬಹುದೋ ಅದನ್ನು ಮೊದಲೇ ಹೇಳಿ ಹೊಡೆದುಹಾಕಬೇಕು, ಅದು ನಮಗೆ ಬಾಲಪಾಠ. ಹಾಗೆ ನಾನು, ಮಾಲೀಕರು ತಮ್ಮ ನೋಟಿಸ್ ಇ-ಮೇಲ್‌ನಲ್ಲಿ ಹೋಗಿದ್ದರೂ ಸಾಕು ಎನ್ನಬಹುದು, ಆದರೆ ನೋಟರಿ ಮೂಲಕ ಹೋಗದ ನೋಟಿಸ್ ನಿಲ್ಲುವುದಿಲ್ಲ ಎಂದು ಅಂದವಾಗಿ ಬರೆದೆ. ಮಾಲೀಕನಿಗೆ ಆವರೆಗೆ ಆ ವಿಚಾರ ಹೊಳೆದೇ ಇರಲಿಲ್ಲ. ಓದಿದ, ಮಾರನೇ ವಾರವೇ ನೋಟರಿ ಮೂಲಕ ಹೊಸ ನೋಟಿಸ್ ಕಳಿಸಿದ.

ಶೇಖರಣ್ಣ ನನ್ನನ್ನು ಕೋಣೆಗೆ ಕರೆದರು. "ಅವ್ರು ಕೇಳದ್ದನ್ನು ನೀನ್ಯಾಕೆ ಹೇಳಿದ್ದು?"

"ಸರ್, ಎದುರಿನವರ ಪಾಯಿಂಟನ್ನು ಮೊದಲೇ..."

"ಎದುರಿನವ್ನಿಗೆ ಪಾಯಿಂಟೇ ಇರ್ಲಿಲ್ಲ ಮಾರಾಯ್ತಿ. ನೀನು ಕೊಟ್ಟದ್ದು. ಫ್ರೀಯಾಗಿ, ಅರಬ್ಬಿಗೆ ಟ್ರಾನ್ಸ್‌ಲೇಟ್ ಮಾಡ್ಸಿ ಬೇರೆ."

ಬೈದರು, ಆಮೇಲೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದರು. ಅವರ ಬೈಗುಳಕ್ಕೆ ಯಾವಾಗಲೂ ಚಹಾದ ಬಾಲವಿರುತ್ತಿತ್ತು. ಇಲ್ಲಿ ಅವರಿಗೆ ಒಟ್ಟಿಗೆ ಚಹಾ ಕುಡಿಯಲು ಬೇರೆ ಯಾರೂ ಇರಲಿಲ್ಲ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವರ ಹಿಂದಿನ ಬದುಕು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊರಿನಲ್ಲಿ ಅವರು ಜಿಲ್ಲಾ ನ್ಯಾಯಾಲಯದ ಸರ್ಕಾರಿ ವಕೀಲರು. ಆ ಹುದ್ದೆ ಬಿಟ್ಟು ಎರಡು ಸಲ ವಿಧಾನಸಭೆಗೆ ನಿಂತರು, ಎರಡು ಸಲವೂ ಸೋತರು. ನಲವತ್ತು ದಾಟಿದ ಮೇಲೆ ದುಬೈಗೆ ಬಂದರು. ಹೆಂಡತಿ ವಸಂತಿಯಕ್ಕ ಕಾರ್ಕಳದಲ್ಲಿ ಮಗಳ ಸಂಸಾರದ ಜೊತೆ ಉಳಿದರು. ಶೇಖರಣ್ಣ ನಡೆಯುವಾಗ ಎಡಕ್ಕೆ ವಾಲುತ್ತಾರೆ. ಮೊದಲ ಚುನಾವಣೆಯಲ್ಲಿ ಎದುರು ಪಕ್ಷದವರು ವೇದಿಕೆಯ ಮೇಲೆ ಒಬ್ಬನನ್ನು ಹಾಗೆ ವಾಲಿಸಿ ನಡೆಸಿ ಜನರನ್ನು ನಗಿಸಿದರಂತೆ. ಮಾರನೇ ದಿನ ಇವರು ತಮ್ಮ ಸಭೆಯಲ್ಲಿ ಮೈಕ್ ಬಿಟ್ಟು ಕೆಳಗಿಳಿದು, "ನಿನ್ನೆ ನಡೆದವನಿಗೆ ಪ್ರಾಕ್ಟೀಸ್ ಸಾಲದು, ನೋಡಿ, ಹೀಗೆ ವಾಲಬೇಕು" ಎಂದು ಮೈದಾನ ಸುತ್ತಿದರಂತೆ. ಈ ಕಥೆಯನ್ನು ಸಂಘದ ಪ್ರತಿ ಪಿಕ್‌ನಿಕ್‌ನಲ್ಲಿ ಹೇಳುತ್ತಿದ್ದರು. ಕೊನೆಯ ಸಾಲು ಯಾವಾಗಲೂ ಒಂದೇ: "ನಕ್ಕದ್ದು ನನ್ನ ಸಭೆಯಲ್ಲಿ, ವೋಟು ಹಾಕಿದ್ದು ಅವನಿಗೆ."

ಇಂಥ ಮನುಷ್ಯ ಒಂದು ಫೋಟೋಕ್ಕಾಗಿ ಪೊಲೀಸರ ಬಳಿ ಹೋದರು.

ಸಂಘದ ವಾರ್ಷಿಕ ಸಭೆ, ಆ ದಿನವೇ ಪದಾಧಿಕಾರಿಗಳ ಚುನಾವಣೆ. ಶೇಖರಣ್ಣ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ವರದಿ ಓದುತ್ತಿದ್ದ ಖಜಾಂಚಿಯ ದನಿಗೆ ಯಾರಿಗಾದರೂ ಜೋಂಪು ಹತ್ತಬೇಕು. ಶೇಖರಣ್ಣ ವೇದಿಕೆಯ ಮೇಲಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಕಣ್ಣು ಮುಚ್ಚಿದ್ದರು. ವಿಲ್ಸನ್ ಅದನ್ನು ಮೊಬೈಲಿನಲ್ಲಿ ತೆಗೆದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ಒಂದು ಸಾಲು: ಅಧ್ಯಕ್ಷರು ಸಂಘದ ಭವಿಷ್ಯದ ಕನಸು ಕಾಣುತ್ತಿದ್ದಾರೆ, ಸದ್ದು ಮಾಡಬೇಡಿ. ನಗುವ ಮುಖಗಳು ಸಾಲುಗಟ್ಟಿದವು. ನಾನೂ ಒಂದು ಒತ್ತಿದೆ. ಮತದಾನವಾಯಿತು, ಶೇಖರಣ್ಣ ಗೆದ್ದರು, ಊಟವಾಯಿತು.

ಊರಿನಲ್ಲಿ ಇದು ತಮಾಷೆ. ಇಲ್ಲಿ ಒಬ್ಬರ ಒಪ್ಪಿಗೆಯಿಲ್ಲದೆ ಫೋಟೋ ತೆಗೆದು ಹಂಚುವುದು ಅಪರಾಧ. ಎಷ್ಟು ವರ್ಷ ಇಲ್ಲಿದ್ದರೂ ನಮ್ಮವರು ಗ್ರೂಪಿನೊಳಗೆ ಕಾಲಿಟ್ಟ ಕೂಡಲೇ ಊರಿಗೆ ತಲುಪಿದಂತೆ ವರ್ತಿಸುತ್ತಾರೆ. ಗ್ರೂಪ್ ಕೂಡ ಈ ದೇಶದ ನೆಲದಲ್ಲೇ ಇದೆ ಎಂಬುದನ್ನು ನಾನು ಎಷ್ಟು ಸಲ ಹೇಳಿದರೂ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ವಿಲ್ಸನ್ ಅಬುಧಾಬಿಯ ಬನಿಯಾಸ್ ಕಡೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಸಭೆ ಮುಗಿದು ಕೆಲವು ವಾರಗಳ ನಂತರ ದುಬೈ ಪೊಲೀಸರಿಂದ ಅವನಿಗೆ ಫೋನ್ ಬಂತು. ಹೋದ. ಮೊಬೈಲ್ ತೆಗೆದುಕೊಂಡರು, ಪಾಸ್‌ಪೋರ್ಟ್ ಇಟ್ಟುಕೊಂಡರು. ಆ ಸಂಜೆಯೇ ಹೆಂಡತಿ ಪ್ರಮೀಳಾ, ಮಗಳು ರಿಯಾ ಜೊತೆ ಕರಾಮದ ನನ್ನ ಕೋಣೆಗೆ ಬಂದ.

"ಅಕ್ಷತಾ, ನೀನೇ ಹೇಳು, ನಾನು ಅಂಥ ಎಂತ ಮಾಡಿದ್ದು? ಜೋಕ್ ಅಲ್ವಾ ಅದು? ನೀನೂ ನಕ್ಕಿದ್ದಿ!"

"ನಾನು ನಕ್ಕದ್ದು ಅಪರಾಧ ಅಲ್ಲ ವಿಲ್ಸನ್. ನೀವು ಹಾಕಿದ್ದು ಅಪರಾಧ."

"ಅಂದ್ರೆ ಜೈಲಾ?"

"ದಂಡ ಆಗಬಹುದು. ಅದಕ್ಕಿಂತ ಹೆಚ್ಚೂ ಆಗಬಹುದು. ಗಡೀಪಾರೂ ಕಾನೂನಿನಲ್ಲಿ ಉಂಟು."

ಪ್ರಮೀಳಾ ಸೋಫಾದ ಅಂಚು ಹಿಡಿದರು. "ಇವ್ರ ಲೈಸೆನ್ಸ್ ರಿನ್ಯೂವಲ್ ಬರ್ತಾ ಉಂಟು. ಪೊಲೀಸ್ ಸರ್ಟಿಫಿಕೇಟ್ ಕೇಳ್ತಾರೆ. ಇವ್ಳ ಬೋರ್ಡ್ ಎಕ್ಸಾಮ್ ಮಾರ್ಚಿಗೆ. ನಾವು ಎಲ್ಲಿಗೆ ಹೋಗುದು?"

ರಿಯಾ ಹುಟ್ಟಿದ್ದೇ ಇಲ್ಲಿ. ಅವಳು ಅಪ್ಪನನ್ನು ನೋಡದೆ ಹೇಳಿದಳು: "ಇಟ್ ವಾಸಂಟ್ ಈವನ್ ಫನ್ನಿ, ಡ್ಯಾಡ್."

ಅವನಿಗೆ ಪೊಲೀಸರ ಮಾತಿಗಿಂತ ಅದು ಹೆಚ್ಚು ತಾಗಿತು.

ದಾರಿ ಒಂದೇ ಇತ್ತು. ದೂರು ಕೊಟ್ಟವರು ತಾವಾಗಿ ಹೋಗಿ ದೂರನ್ನು ಬಿಟ್ಟುಕೊಡುತ್ತೇನೆ ಎಂದು ಹೇಳಬೇಕು. ಇಲ್ಲಿ ಅದಕ್ಕೆ ತನಾಝುಲ್ ಎನ್ನುತ್ತಾರೆ. ಕಡತ ಆಗಷ್ಟೇ ಪ್ರಾಸಿಕ್ಯೂಷನ್‌ಗೆ ಹೋಗಿತ್ತು. ಅಲ್ಲಿಂದ ನ್ಯಾಯಾಲಯಕ್ಕೆ ದಾಟುವ ಮೊದಲು ಬಿಟ್ಟುಕೊಟ್ಟರೆ ಪ್ರಕರಣ ಅಲ್ಲೇ ಮುಚ್ಚುವ ಸಾಧ್ಯತೆ ಹೆಚ್ಚು, ದಾಟಿದ ಮೇಲೆ ಯಾರೂ ಖಾತರಿ ಕೊಡಲಾರರು. ಅಂದರೆ ಹೆಚ್ಚೆಂದರೆ ಕೆಲವು ದಿನ.

ನಾನು ಯಾರ ಪರವೂ ನಿಲ್ಲುವಂತಿರಲಿಲ್ಲ. ದೂರುದಾರರು ನನ್ನ ಮೇಲಧಿಕಾರಿ, ಆದ್ದರಿಂದ ವಿಲ್ಸನ್‌ಗೆ ವಕೀಲಳಲ್ಲ. ದೂರನ್ನು ಅವರು ಕಚೇರಿಗೆ ತಿಳಿಸದೆ ಸ್ವಂತವಾಗಿ ಕೊಟ್ಟಿದ್ದರು, ಆದ್ದರಿಂದ ಅವರಿಗೂ ಅಲ್ಲ. ವಿಲ್ಸನ್‌ಗೆ ಬೇರೆ ವಕೀಲರ ನಂಬರ್ ಕೊಟ್ಟು ಕಳಿಸಿದೆ. ಉಳಿದದ್ದು ವಾದ. ಅದು ನನ್ನ ಕ್ಷೇತ್ರ ಅಂದುಕೊಂಡೆ.

ಮರುದಿನ ಆಫೀಸಿನಲ್ಲಿ ಶೇಖರಣ್ಣನ ಕೋಣೆಗೆ ಹೋದೆ. "ಸರ್, ವಿಲ್ಸನ್ ವಿಷಯ..."

"ಆಫೀಸಿನಲ್ಲಿ ಸಂಘದ ಮಾತು ಬೇಡ."

ಆ ಗುರುವಾರ ಸಂಘದ ಕಾರ್ಯಕಾರಿ ಸಮಿತಿ ಸೇರಿತು. ಎಲ್ಲರೂ ವಿಷಯ ಬಿಟ್ಟು ಬೇರೆಲ್ಲ ಮಾತಾಡಿದರು. ಕಾರ್ಯದರ್ಶಿಯಾಗಿ ನಾನೇ ಎತ್ತಿದೆ. "ಶೇಖರಣ್ಣ, ಇದು ಸಂಘದ ಗ್ರೂಪಿನಲ್ಲಿ ಆದದ್ದು, ಇಲ್ಲೇ ಮುಗಿಸಬಹುದಲ್ಲ?"

"ಸಂಘದಲ್ಲಿ ಪರ್ಸನಲ್ ಮಾತು ಬೇಡ. ಮುಂದಿನ ವಿಷಯ ಹೇಳಿ."

ಮುಂದಿನ ವಿಷಯ ವಾರ್ಷಿಕ ಪಿಕ್‌ನಿಕ್‌ನ ಬಸ್ಸು. ಯಾರೋ ಬಸ್ಸಿನ ಬಗ್ಗೆ ಬಹಳ ಉತ್ಸಾಹದಿಂದ ಮಾತಾಡಿದರು. ಸಭೆಯ ನಂತರ ಒಬ್ಬೊಬ್ಬರೇ ಬಂದು ನನ್ನ ಕಿವಿಯಲ್ಲಿ, "ನೀವೇ ಒಂದು ಮಾತು ಹೇಳಿ ನೋಡಿ ಅಕ್ಷತಾ, ನಿಮ್ಮ ಮಾತು ಕೇಳ್ತಾರೆ" ಎಂದರು. ನಾಳೆ ಯಾರ ಸಹಿ ಯಾರಿಗೆ ಬೇಕಾಗುತ್ತದೋ ಗೊತ್ತಿಲ್ಲದ ಊರು ಇದು. ಎಲ್ಲರಿಗೂ ಅಭಿಪ್ರಾಯವಿತ್ತು, ಅದನ್ನು ಹೇಳಲು ನಾನೊಬ್ಬಳು ಬೇಕಿತ್ತು.

ಕಚೇರಿಯೂ ಅಲ್ಲ, ಸಂಘವೂ ಅಲ್ಲ ಎಂದ ಮೇಲೆ ಉಳಿದದ್ದು ಅವರ ಮನೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅವರೂ ಕರೆದಿರಲಿಲ್ಲ. ಭಾನುವಾರ ಮಧ್ಯಾಹ್ನ ಅಲ್ ನಹ್ದಾಕ್ಕೆ ಬಸ್ ಹಿಡಿದೆ. ದಾರಿಯುದ್ದಕ್ಕೂ ವಾದ ಜೋಡಿಸಿದೆ. ಮೊದಲು ಅವರ ಹಿಂದಿನ ಚುನಾವಣೆಗಳು, ಆಮೇಲೆ ಅಪರಾಧಕ್ಕೂ ಪರಿಣಾಮಕ್ಕೂ ಇರುವ ಅಂತರ, ಕೊನೆಗೆ ರಿಯಾ. ಭಾವನೆ ಯಾವಾಗಲೂ ಕೊನೆಗೆ ಬರಬೇಕು, ಅದು ಸ್ಪರ್ಧೆಯ ನಿಯಮ.

ಬಾಗಿಲು ತೆರೆದವರು ಲುಂಗಿ ಬನಿಯನ್‌ನಲ್ಲಿದ್ದರು, ಕೈಯಲ್ಲಿ ಚೂರಿ. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ. "ಊಟ ಆಯ್ತಾ?"

"ಇಲ್ಲ."

"ಕೈ ತೊಳ್ಕೊಂಡು ಬಾ."

ಅಡುಗೆಕೋಣೆಯ ನೆಲದ ಮೇಲೆ ಹಳೆ ಪೇಪರ್ ಹಾಸಿ ಬಂಗುಡೆ ರಾಶಿ ಹಾಕಿದ್ದರು. ಒಬ್ಬ ಮನುಷ್ಯನಿಗೆ ಒಂದು ವಾರಕ್ಕೂ ಹೆಚ್ಚಾಗುವಷ್ಟು.

"ಮಾರ್ಕೆಟಿನಲ್ಲೇ ಕ್ಲೀನ್ ಮಾಡಿ ಕೊಡ್ತಾರಲ್ಲ?" ಎಂದೆ.

"ಕೊಡ್ತಾರೆ. ಮತ್ತೆ ಭಾನುವಾರ ನಾನೆಂತ ಮಾಡೋದು?"

ಎದುರು ಕೂತೆ, ಇನ್ನೊಂದು ಚೂರಿ ತೆಗೆದುಕೊಂಡೆ, ವಾದ ಶುರು ಮಾಡಿದೆ. ಅವರು ತಡೆಯಲಿಲ್ಲ. ಇದು ಮನೆ, ಇಲ್ಲಿ ಅವರಿಗೆ ಯಾವ ನಿಯಮವೂ ಇರಲಿಲ್ಲ.

"ಊರಲ್ಲಿ ನಿಮ್ಮ ಹಾಗೆ ವಾಲಿ ನಡೆದು ನಗಿಸಿದವನ ಮೇಲೆ ಕೇಸ್ ಹಾಕಿದ್ರಾ?"

"ಇಲ್ಲ."

"ಮತ್ತೆ ವಿಲ್ಸನ್ ಮೇಲೆ ಯಾಕೆ? ಅದಕ್ಕಿಂತ ಇದು ಸಣ್ಣದು."

"ಆಗ ನಾನು ವೋಟು ಕೇಳ್ಲಿಕ್ಕೆ ಹೋದವ. ಎದುರು ನಿಂತವನಿಗೆ ಹೊಡೀತಾರೆ. ನಾನು ತಿರುಗಿ ಹೊಡೀಬಹುದು, ಹೊಡ್ದೆ ಕೂಡಾ. ನಿದ್ದೆ ಮಾಡುವವ ತಿರುಗಿ ಹೊಡೀತಾನಾ?"

"ನೀವು ಇದ್ದದ್ದು ವೇದಿಕೆಯ ಮೇಲೆ ಶೇಖರಣ್ಣ. ಅಧ್ಯಕ್ಷರ ಕುರ್ಚಿಯಲ್ಲಿ."

"ಶರೀರ ಇತ್ತು. ನಾನಿರ್ಲಿಲ್ಲ."

"ಇದು ವಾದವಾ?"

"ನೀನು ಉತ್ತರ ಹೇಳಿ ನೋಡು, ವಾದ ಹೌದಾ ಅಲ್ವಾ ಗೊತ್ತಾಗ್ತದೆ."

ಎರಡನೆಯ ವಾದಕ್ಕೆ ದಾಟಿದೆ. ತಪ್ಪು ಸಣ್ಣದು, ಶಿಕ್ಷೆ ದೊಡ್ಡದು ಎಂದೆ. ಶಿಕ್ಷೆ ಅಳೆಯುವುದು ಕೋರ್ಟಿನ ಕೆಲಸ, ದೂರುದಾರನದ್ದಲ್ಲ, ಊರಿನಲ್ಲಿ ಪ್ರತಿಯೊಬ್ಬ ಆರೋಪಿಯ ಹೆಂಡತಿಯೂ ಸರ್ಕಾರಿ ವಕೀಲನ ಮನೆಗೆ ಬಂದು ಅಳುತ್ತಿದ್ದಳು, ಹಾಗೆ ಬಿಟ್ಟಿದ್ದರೆ ಜಿಲ್ಲೆಯ ಜೈಲು ಖಾಲಿ ಇರುತ್ತಿತ್ತು ಎಂದರು. ಹುಡುಗಿಯ ಪರೀಕ್ಷೆ ಎಂದೆ. "ಹುಡುಗಿ ಅಪ್ಪನಿಗೆ ಎಂತ ಹೇಳಿದ್ಲು?" ಎಂದು ಕೇಳಿದರು. ನನಗೆ ಸುಳ್ಳು ಹೇಳಲಾಗಲಿಲ್ಲ. ತಮಾಷೆಯೇ ಆಗಿರಲಿಲ್ಲ ಎಂದಳು ಅಂದೆ. "ನೋಡು, ಅವ್ಳಿಗೆ ಬುದ್ಧಿ ಉಂಟು" ಎಂದರು.

ಖಲಾಸ್. ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಅರ್ಧ ಗಂಟೆಯೊಳಗೆ ಮುಗಿದಿತ್ತು. ಕಾಲೇಜಿನಲ್ಲಿ ಹೀಗಾದರೆ ಗಂಟೆ ಬಾರಿಸುತ್ತಾರೆ, ಕೈ ಕುಲುಕಿ ಕೆಳಗಿಳಿಯಬಹುದು. ಇಲ್ಲಿ ಮೀನು ಇನ್ನೂ ರಾಶಿ ಇತ್ತು. ಎದ್ದು ಹೋಗೋಣವೆಂದರೆ ಕೈ ತುಂಬ ರಕ್ತ. ತಲೆ ಕತ್ತರಿಸಿ, ಕಿವಿರು ಕಿತ್ತು, ಹೊಟ್ಟೆ ಸೀಳಿ, ಬಟ್ಟಲಿಗೆ ಹಾಕಿದೆ. ಮತ್ತೊಂದು ತೆಗೆದುಕೊಂಡೆ. ಅವರೂ ಅಷ್ಟೇ. ಕಿಟಕಿಯ ಆಚೆ ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಫ್ರಿಜ್‌ನ ಮೇಲೆ ಇಬ್ಬರು ಮೊಮ್ಮಕ್ಕಳ ಫೋಟೋ. ತಟ್ಟೆ ಸ್ಟ್ಯಾಂಡಿನಲ್ಲಿ ಒಂದು ತಟ್ಟೆ, ಒಂದು ಲೋಟ. ನನ್ನ ಕೋಣೆಯಲ್ಲೂ ಅಷ್ಟೇ ಇರುವುದು. ಅದನ್ನು ಯಾರ ಮನೆಯಲ್ಲೂ ನೋಡಿರಲಿಲ್ಲ, ಯಾಕೆಂದರೆ ಯಾರ ಮನೆಗೂ ಹೋಗಿರಲಿಲ್ಲ.

ರಾಶಿ ಅರ್ಧಕ್ಕಿಳಿದಾಗ ಅವರೇ ಮಾತಾಡಿದರು, ಮೀನಿಗೆ ಹೇಳುವಂತೆ.

"ಕಂಪ್ಲೇಂಟ್ ಕೊಡುವ ಹಿಂದಿನ ದಿವ್ಸ ವಸಂತಿ ಫೋನ್ ಮಾಡಿದ್ಲು. ಆ ಫೋಟೋ ಯಾರೋ ಊರಿಗೆ ಕಳ್ಸಿದ್ದಾರೆ. ಯಾರು ಅಂತ ಗೊತ್ತಿಲ್ಲ, ಬಿಡು."

ನಾನು ಇನ್ನೊಂದು ಬಂಗುಡೆ ಎತ್ತಿಕೊಂಡೆ.

"ಅವ್ಳು ನಗ್ಲಿಲ್ಲ. ಎಂತ ಹೇಳಿದ್ಲು ಗೊತ್ತುಂಟಾ? ನೀವು ಬಾಯಿ ಬಿಟ್ಟು ಮಲಗೋದು ಜ್ವರ ಬಂದಾಗ ಮಾತ್ರ, ನಂಗೆ ಗೊತ್ತಿಲ್ವಾ, ಎಷ್ಟು ದಿವ್ಸದಿಂದ ಹುಷಾರಿಲ್ಲ ಅಂತ ಕೇಳಿದ್ಲು."

"ಹುಷಾರಿರಲಿಲ್ವಾ?"

"ಇರ್ಲಿಲ್ಲ. ಒಂದು ತಿಂಗ್ಳು. ಡಾಕ್ಟ್ರಿಗೆ ತೋರಿಸ್ತಾ ಇದ್ದೆ. ದಿನಾ ಫೋನಿನಲ್ಲಿ ಅವ್ಳ ಹತ್ರ ಆರಾಮುಂಟು, ಊಟ ಆಯ್ತು ಅಂತ ಹೇಳ್ತಿದ್ದೆ. ಇಷ್ಟು ವರ್ಷ ಹಾಗೆ ಹೇಳಿ ಒಂದು ದಿವ್ಸ ಕೂಡಾ ಸಿಕ್ಕಿ ಬಿದ್ದವ ಅಲ್ಲ ನಾನು." ಚೂರಿ ಒರೆಸಿಕೊಂಡರು. "ಕೋರ್ಟಿನಲ್ಲಿ ಎಷ್ಟು ಜನರ ಸುಳ್ಳು ಹಿಡ್ದಿದ್ದೇನೆ. ನಂದು ಹಿಡಿದದ್ದು ವಿಲ್ಸನ್‌ನ ಮೊಬೈಲು."

ಇಲ್ಲಿ ನನಗೆ ಹೇಳಲು ಬಹಳವಿತ್ತು. ಹಾಗಾದರೆ ನಿಮ್ಮ ಸಿಟ್ಟು ವಿಲ್ಸನ್ ಮೇಲಲ್ಲ ಎನ್ನಬಹುದಿತ್ತು. ಅವನಿಗೆ ನಿಮ್ಮ ಕಾಯಿಲೆ ಗೊತ್ತಿರಲಿಲ್ಲ, ಉದ್ದೇಶವಿಲ್ಲದೆ ಅಪರಾಧವೆಲ್ಲಿ ಎನ್ನಬಹುದಿತ್ತು. ಎದುರಾಳಿ ತಾನಾಗಿ ಬಾಗಿಲು ತೆರೆದುಕೊಟ್ಟಿದ್ದ. ನಾನು ಮಾತಾಡಲಿಲ್ಲ. ಅದನ್ನು ವಿವೇಕ ಎಂದು ದಯವಿಟ್ಟು ತಿಳಿಯಬೇಡಿ. ನಾನೂ ಪ್ರತಿ ಸಂಜೆ ಅಮ್ಮನಿಗೆ ಆರಾಮುಂಟು, ಊಟ ಆಯ್ತು ಎಂದೇ ಹೇಳುವವಳು.

ಮೀನು ಮುಗಿಯಿತು. ಅವರು ಮಸಾಲೆ ಅರೆದರು, ನಾನು ಅನ್ನಕ್ಕಿಟ್ಟೆ. ತುಳುವಿನಲ್ಲಿ ಉಪ್ಪು ಸಾಕಾ ಎಂದು ಕೇಳಿದರು, ಸಾಕು ಎಂದೆ. ಒಂದೇ ತಟ್ಟೆ ಇದ್ದುದರಿಂದ ಅವರು ಬಾಣಲೆಯ ಮುಚ್ಚಳದಲ್ಲಿ ಬಡಿಸಿಕೊಂಡರು. ಮೊಮ್ಮಕ್ಕಳ ಬಗ್ಗೆ ಒಂದೆರಡು ಮಾತು, ಹಿಂದಿನ ಕಾಲದ ಒಬ್ಬ ಜಡ್ಜಿಯ ಬಗ್ಗೆ ಒಂದು ಜೋಕು. ಊಟ ಮುಗಿದು ಕೈ ತೊಳೆಯುವಾಗ ಬೆನ್ನು ಮಾಡಿ ಕೇಳಿದರು: "ನಾಳೆ ಪ್ರಾಸಿಕ್ಯೂಷನ್ ಆಫೀಸು ಎಷ್ಟು ಗಂಟೆಗೆ ಓಪನ್ ಆಗ್ತದೆ?"

ಉಳಿದ ಹುರಿದ ಮೀನನ್ನು ಡಬ್ಬಿಗೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಸೋಮವಾರ ಬೆಳಿಗ್ಗೆ ವಿಲ್ಸನ್ ರಜೆ ಹಾಕಿ ಅಬುಧಾಬಿಯಿಂದ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮದುವೆಗೆ ಬಂದವನ ಹಾಗೆ. ಒಳಗಿದ್ದ ಅಧಿಕಾರಿ ಶೇಖರಣ್ಣನನ್ನು ಮತ್ತೆ ಮತ್ತೆ ಕೇಳಿದರು, ಯಾರಾದರೂ ಒತ್ತಾಯ ಮಾಡಿದರೇ ಎಂದು. ಇಲ್ಲ ಎಂದರು. ಸಹಿ ಹಾಕಿದರು. ಹೊರಗೆ ಕಾರಿಡಾರಿನಲ್ಲಿ ವಿಲ್ಸನ್ ಮುಂದೆ ಬಂದು ಕೈ ಮುಗಿದ.

"ಇನ್ನೊಮ್ಮೆ ತೆಗಿಯುದಾದ್ರೆ ಎಚ್ಚರ ಇರುವಾಗ ತೆಗಿ ಮಾರಾಯ," ಎಂದರು ಶೇಖರಣ್ಣ. "ಪೋಸ್ ಕೊಡ್ತೇನೆ."

ಮುಂದಿನ ದಿನಗಳಲ್ಲಿ ಪ್ರಕರಣ ಮುಚ್ಚಿತು. ಪಾಸ್‌ಪೋರ್ಟ್ ವಾಪಸ್ ಸಿಕ್ಕಿತು, ಲೈಸೆನ್ಸ್ ಆಯಿತು, ರಿಯಾ ಪರೀಕ್ಷೆ ಬರೆದಳು. ವಿಲ್ಸನ್ ಮತ್ತೆ ಸಂಘಕ್ಕೆ ಬರಲಿಲ್ಲ, ಗ್ರೂಪ್ ಬಿಟ್ಟ. ಶೇಖರಣ್ಣನೂ ನಾನೂ ಮತ್ತೆಂದೂ ಆ ಭಾನುವಾರದ ಬಗ್ಗೆ ಮಾತಾಡಲಿಲ್ಲ. ಅವರು ನನ್ನನ್ನು ಮತ್ತೆ ಮನೆಗೆ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಆಫೀಸಿನಲ್ಲಿ ಸರ್, ಸಂಘದಲ್ಲಿ ಶೇಖರಣ್ಣ. ನಾನು ಮೂರು ಗಂಟೆ ಅಲ್ಲಿದ್ದೆ ಎಂದು ಹೇಗೋ ಹೊರಗೆ ಗೊತ್ತಾಯಿತು. ಅಷ್ಟು ಹೊತ್ತು ವಕೀಲಳೊಬ್ಬಳು ವಾದವಲ್ಲದೆ ಬೇರೇನು ಮಾಡಿಯಾಳು ಎಂದು ಜನ ಉಳಿದದ್ದನ್ನು ತುಂಬಿಕೊಂಡರು.

ಕಿರಿಯರೇ, ಈಗ ನೀವು ಇನ್ನೊಂದು ಕಥೆ ಕಟ್ಟಬಹುದು: ಮಾತು ಸೋತಿತು, ಮೌನ ಗೆದ್ದಿತು. ಅದನ್ನೂ ನಾನು ಒಪ್ಪುವುದಿಲ್ಲ. ಸಾಕ್ಷ್ಯವೆಲ್ಲಿ? ನಾನು ಬಾಗಿಲು ತಟ್ಟುವ ಮೊದಲೇ ಅವರು ನಿರ್ಧರಿಸಿರಬಹುದು. ಹಿಂದಿನ ರಾತ್ರಿ ವಸಂತಿಯಕ್ಕ ಏನಾದರೂ ಹೇಳಿರಬಹುದು. ನನ್ನ ವಾದ ಮೀನಿನ ಮಸಾಲೆಯ ಹಾಗೆ ನಿಧಾನ ಹಿಡಿದಿರಬಹುದು. ರಿಯಾಳ ಮಾತು ಕೇಳಿದಾಗಲೇ ಎಲ್ಲ ಮುಗಿದಿರಬಹುದು. ನಾಲ್ಕೂ ಸಾಧ್ಯ, ಒಂದಕ್ಕೂ ಆಧಾರವಿಲ್ಲ. ಕೆಲಸದ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು: ನೀವು ಬರೆದದ್ದು ಯಾರನ್ನು ತಲುಪಿತು, ಯಾವಾಗ ತಲುಪಿತು, ತಲುಪಿತೋ ಇಲ್ಲವೋ ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಅದರೊಂದಿಗೆ ಸಂಜೆ ಕೋಣೆಗೆ ಹಿಂದಿರುಗಲು ಅಭ್ಯಾಸ ಮಾಡಿಕೊಳ್ಳಿ. ಕಲಿಸುವವರು ಯಾರೂ ಇಲ್ಲ.

ಆದರೆ ಈ ಒಂದು ಪ್ರಕರಣದಲ್ಲಿ ಸಾಕ್ಷಿ ಬದುಕಿದ್ದಾರೆ, ಈ ಸಂಚಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಾರೆ ಕೂಡ. ಆದ್ದರಿಂದ ಎಲ್ಲರ ಎದುರಿಗೆ ಕೇಳುತ್ತೇನೆ. ಶೇಖರಣ್ಣ, ಫೋಟೋ ಬಂದ ದಿನವೇ, ನೀವು ದೂರು ಕೊಡುವ ಮೊದಲೇ, ನಾನು ಯಾವ ಕೆಲಸವೂ ಇಲ್ಲದೆ ನಿಮ್ಮ ಮನೆಗೆ ಬಂದು ಹುಷಾರಿದ್ದೀರಾ ಎಂದು ಒಂದು ಮಾತು ಕೇಳಿದ್ದರೆ, ನೀವು ಪೊಲೀಸರ ಬಳಿ ಹೋಗುತ್ತಿದ್ದಿರಾ?